ಒಂದೇ ರೌಟರ್, ಎರಡು ಬ್ಯಾಂಡ್: ಮುಂಬೈ ಫ್ಲಾಟುಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮುಲುಂಡ್, ಡೊಂಬಿವಲಿ, ಗೋರೆಗಾಂವ್, ಮೀರಾ ರೋಡ್ ಕಡೆಯ ಕನ್ನಡದ ಮನೆಗಳಲ್ಲಿ ವೈಫೈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಒನ್ ರೂಮ್ ಕಿಚನ್, ಒನ್ ಬಿಎಚ್‌ಕೆ, ಟೂ ಬಿಎಚ್‌ಕೆಯವರು. ಹಾಗಾಗಿ ಉತ್ತರಗಳೂ ಅಂಥ ಮನೆಗಳಿಗೇ. ಊರಿನ ದೊಡ್ಡ ಮನೆಯ ಲೆಕ್ಕ ಬೇರೆ. ಅದಕ್ಕೆ ಕೆಳಗೆ ಒಂದು ಪ್ರಶ್ನೆ ಇದೆ.

ನಮ್ಮಲ್ಲಿರುವುದು ಒಂದೇ ರೌಟರ್. ಫೋನಿನಲ್ಲಿ ಎರಡು ಹೆಸರು ಯಾಕೆ ಕಾಣುತ್ತದೆ?

ರೌಟರಿನ ಒಳಗೆ ಎರಡು ರೇಡಿಯೋ ಇವೆ. ಒಂದು 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ಅಂದರೆ ಅಲೆಗಳ ಆ ಪಟ್ಟಿಯಲ್ಲಿ, ಕೆಲಸ ಮಾಡುತ್ತದೆ, ಇನ್ನೊಂದು 5 ಗಿಗಾಹರ್ಟ್ಸ್‌ನಲ್ಲಿ. ಎರಡೂ ಒಟ್ಟಿಗೇ ಓಡುತ್ತವೆ. ಕನೆಕ್ಷನ್ ಹಾಕಲು ಬಂದ ಹುಡುಗ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟಿದ್ದರೆ ಎರಡು ಕಾಣುತ್ತದೆ, ಒಂದೇ ಹೆಸರು ಕೊಟ್ಟಿದ್ದರೆ ಒಂದು. ಪ್ಲಾನ್ ಒಂದೇ, ಬಿಲ್ ಒಂದೇ. ಎರಡು ಹೆಸರಿದೆ ಅಂತ ಸ್ಪೀಡು ಪಾಲಾಗುವುದಿಲ್ಲ.

ಹೆಸರು ಒಂದೇ ಕಾಣುತ್ತಿದ್ದರೆ ರೌಟರಿನ ಡಬ್ಬದ ಮೇಲೆ ಏನು ಬರೆದಿದೆ ನೋಡಿ. ಎನ್300 ಅಂತಿದ್ದರೆ ಅದು 2.4 ಮಾತ್ರ ಇರುವ ಹಳೇ ಬಗೆ. ಎಸಿ1200, ಎಎಕ್ಸ್1500 ಅಂತ ಇದ್ದರೆ ಎರಡೂ ಬ್ಯಾಂಡ್ ಇವೆ.

ಹೆಸರಿನ ಕೊನೆಯಲ್ಲಿ 5ಜಿ ಅಂತಿದೆ. ನನ್ನ ಫೋನು 4ಜಿ. ಸೇರುತ್ತದಾ?

ಸೇರಬಹುದು. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿ 5 ಅಂದರೆ ಐದನೇ ತಲೆಮಾರು, ಇಲ್ಲಿ 5 ಅಂದರೆ ಅಲೆಯ ಆವರ್ತನ. ಕಳೆದ ಎಂಟು-ಹತ್ತು ವರ್ಷಗಳಲ್ಲಿ ಬಂದ ಮಧ್ಯಮ ಬೆಲೆಯ ಫೋನುಗಳಲ್ಲಿ ಹೆಚ್ಚಿನವು 5 ಗಿಗಾಹರ್ಟ್ಸ್ ವೈಫೈ ಹಿಡಿಯುತ್ತವೆ. ತೀರಾ ಅಗ್ಗದ ಕೆಲವು ಹಿಡಿಯುವುದಿಲ್ಲ. ಪರೀಕ್ಷೆ ಸುಲಭ: ರೌಟರಿನ ಪಕ್ಕ ನಿಂತು ವೈಫೈ ಪಟ್ಟಿ ತೆರೆಯಿರಿ. 5ರ ಹೆಸರು ಕಂಡರೆ ಹಿಡಿಯುತ್ತದೆ.

ಎರಡರಲ್ಲಿ ಯಾವುದು ಒಳ್ಳೇದು?

2.4ರ ಅಲೆ ಉದ್ದ, ಸುಮಾರು 12 ಸೆಂಟಿಮೀಟರ್. ಗೋಡೆ ದಾಟಿ ದೂರ ಹೋಗುತ್ತದೆ. 5ರ ಅಲೆ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಗೋಡೆಗೆ ಬೇಗ ಸೋಲುತ್ತದೆ, ಆದರೆ ಒಂದೇ ಸಲಕ್ಕೆ ತುಂಬಾ ಡೇಟಾ ಹೊರುತ್ತದೆ. ಸಾಮಾನ್ಯ ಫೋನಿಗೆ 2.4ರಲ್ಲಿ ಕಾಗದದ ಮೇಲಿನ ಲಿಂಕ್ ಸ್ಪೀಡು 144 ಎಂಬಿಪಿಎಸ್, 5ರಲ್ಲಿ 867 ಅಥವಾ ವೈಫೈ 6 (ಎಎಕ್ಸ್ ಅಂತ ಬರೆದಿರುವ ಹೊಸ ಬಗೆ) ಇದ್ದರೆ 1201. ಇವೆಲ್ಲ ಪ್ರಯೋಗಶಾಲೆಯ ಸಂಖ್ಯೆಗಳು. ಕೈಗೆ ಸಿಗುವುದು ಅರ್ಧ ಅಂದುಕೊಳ್ಳಿ. ಬಿಲ್ಡಿಂಗಿನೊಳಗೆ 2.4ರಲ್ಲಿ ಆ ಅರ್ಧವೂ ಸಿಗುವುದಿಲ್ಲ.

ಅಂದರೆ 300 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕೊಟ್ಟು ಫೋನು 2.4ರಲ್ಲಿದ್ದರೆ ಮುಕ್ಕಾಲು ದುಡ್ಡು ಸುಮ್ನೆ ಹೋಯಿತು. ಹಾಗಂತ ಎಲ್ಲದಕ್ಕೂ ಅಷ್ಟು ಬೇಕಂತಲೂ ಅಲ್ಲ. 4ಕೆ ಸಿನಿಮಾಕ್ಕೆ 25 ಎಂಬಿಪಿಎಸ್ ಸಾಕು. ವೈಫೈಗೆ ಸೇರುವ ಸ್ಮಾರ್ಟ್ ಬಲ್ಬಿಗೆ, ಪ್ಲಗ್ಗಿಗೆ ಒಂದೂ ಬೇಡ.

2.4 ದೂರ ಹೋಗುತ್ತದೆ ಅಂದಿರಿ. ಹಾಗಿದ್ದರೆ ಅದೇ ಒಳ್ಳೇದಲ್ವಾ?

ಮುಂಬೈಯಲ್ಲಿ ಅಲ್ಲ. ಕೆಳಗಿನ ಉತ್ತರಗಳೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ನಮ್ಮ ಮನೆಗಳು ಚಿಕ್ಕವು. ಒನ್ ಬಿಎಚ್‌ಕೆಯಲ್ಲಿ ರೌಟರಿನಿಂದ ಅತಿ ದೂರದ ಮೂಲೆಗೂ ಹೆಚ್ಚೆಂದರೆ ಎರಡು ಗೋಡೆ. ಅಷ್ಟಕ್ಕೆ 5 ಸಾಕು. 2.4 ದೂರ ಹೋಗುತ್ತದೆ ಅಂದರೆ ಎಲ್ಲಿಗೆ ಹೋಗುತ್ತದೆ? ಪಕ್ಕದವರ ಹಾಲಿಗೆ, ಮೇಲಿನವರ ಬೆಡ್‌ರೂಮಿಗೆ, ಎದುರಿನ ವಿಂಗಿಗೆ. ಅವರದೂ ಅಷ್ಟೇ ಜೋರಾಗಿ ನಿಮ್ಮಲ್ಲಿಗೆ ಬರುತ್ತದೆ. ಏಳು ಮಹಡಿ, ಮಹಡಿಗೆ ನಾಲ್ಕು ಫ್ಲಾಟ್ ಇರುವ ವಿಂಗಿನಲ್ಲೇ 28 ರೌಟರ್ ಆಯಿತು. ಎದುರಿನ ಬಿಲ್ಡಿಂಗ್ ಕೈಚಾಚಿದರೆ ಸಿಗುವಷ್ಟು ಹತ್ತಿರ ಇದ್ದರೆ ಅವರವೂ ಸೇರಿದವು.

ಇಷ್ಟು ಜನರಿಗೆ 2.4ರಲ್ಲಿರುವ ಜಾಗ ಎಷ್ಟು ಗೊತ್ತಾ? ಬರೀ 83.5 ಮೆಗಾಹರ್ಟ್ಸ್. ಆ ಜಾಗದ ತುಂಡುಗಳಿಗೆ ಚಾನೆಲ್ ಅಂತ 13 ಸಂಖ್ಯೆ ಕಾಣುತ್ತದೆ, ಆದರೆ ಒಂದಕ್ಕೊಂದು ತಾಗದೆ ಕೂರುವುದು ಮೂರೇ: 1, 6, 11. ಒಂದು ಚಾನೆಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಚಾಳಿನ ಕಾಮನ್ ನಲ್ಲಿ ನೆನೆಸಿಕೊಳ್ಳಿ. ಒಂದೇ ನಲ್ಲಿ, ಉದ್ದ ಸಾಲು. ಯಾರೋ ಒಬ್ಬರು ಸಣ್ಣ ಬಾಯಿಯ ಬಿಂದಿಗೆ ತಂದರೆ ಅದು ತುಂಬುವ ತನಕ ದೊಡ್ಡ ಕೊಡದವರೂ ನಿಂತಿರಬೇಕು. ಪಕ್ಕದ ಮನೆಯ ಹಳೇ ನಿಧಾನದ ಕ್ಯಾಮೆರಾ ನಿಮ್ಮ ಹೊಸ ಫೋನಿಗೆ ಮಾಡುವುದು ಇದನ್ನೇ. ಫುಲ್ ಸಿಗ್ನಲ್ ತೋರಿಸುತ್ತದೆ, ವಿಡಿಯೋ ಮಾತ್ರ ಸುತ್ತುತ್ತಾ ಇರುತ್ತದೆ ಅಂತ ದೂರುತ್ತೀರಲ್ಲ, ಕಾರಣ ಬಹಳ ಸಲ ಇದೇ. ಸಿಗ್ನಲ್ಲಿಗೆ ಏನೂ ಆಗಿಲ್ಲ. ಸಾಲು ಉದ್ದ ಇದೆ.

5ರಲ್ಲಿ ಜಾಗ ಬೇಕಾದಷ್ಟಿದೆ. ನಮ್ಮ ದೇಶದಲ್ಲಿ 2018ರ ಅಕ್ಟೋಬರಿನ ಅಧಿಸೂಚನೆಯಿಂದ 5 ಗಿಗಾಹರ್ಟ್ಸ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಲು ಸಿಕ್ಕಿತು. ಅದರ ಮೇಲೆ, ಗೋಡೆಗೆ ಸೋಲುವ ಅದರ ದೋಷವೇ ಇಲ್ಲಿ ಗುಣ. ಪಕ್ಕದವರ 5 ಅವರ ಗೋಡೆಯಲ್ಲೇ ಮುಕ್ಕಾಲು ಸಾಯುತ್ತದೆ, ನಿಮ್ಮದು ನಿಮ್ಮ ಗೋಡೆಯಲ್ಲಿ. ಗೋಡೆ ಕೊಡುವ ಈ ಖಾಸಗಿತನ ಮುಂಬೈಯಲ್ಲಿ ಬೇರೆ ಯಾವ ವಿಷಯಕ್ಕೂ ಸಿಗುವುದಿಲ್ಲ ಬಿಡಿ.

ಹಾಗಾದರೆ ಎರಡಕ್ಕೂ ಒಂದೇ ಹೆಸರು ಇಡಬೇಕೋ, ಬೇರೆ ಬೇರೆಯೋ?

ಫ್ಲಾಟಿನಲ್ಲಿ ಬೇರೆ ಬೇರೆ ಇಡಿ ಅನ್ನುವುದು ನನ್ನ ಮಾತು. ಒಂದೇ ಹೆಸರಿಟ್ಟರೆ ಯಾವ ಬ್ಯಾಂಡಿಗೆ ಹೋಗಬೇಕು ಅನ್ನುವುದನ್ನು ಕೊನೆಗೆ ಫೋನೇ ತೀರ್ಮಾನಿಸುತ್ತದೆ. ರೌಟರಿನ ಬ್ಯಾಂಡ್ ಸ್ಟೀರಿಂಗ್ (ಫೋನನ್ನು ಸರಿಯಾದ ಬ್ಯಾಂಡಿಗೆ ಕಳಿಸಲು ನೋಡುವ ಏರ್ಪಾಡು) ಸಲಹೆ ಕೊಡಬಹುದು, ಸ್ವಲ್ಪ ತಳ್ಳಬಹುದು, ಅಷ್ಟೇ. ಎಷ್ಟೋ ಫೋನುಗಳು, ಅದರಲ್ಲೂ ಹಳೇವು, ಸಿಗ್ನಲ್ ಕಡ್ಡಿ ಯಾವುದರಲ್ಲಿ ಜಾಸ್ತಿ ಅಂತ ಮಾತ್ರ ನೋಡಿ 2.4ಕ್ಕೆ ಹೋಗಿ ಕೂರುತ್ತವೆ. ಸಾಲು ಎಷ್ಟು ಉದ್ದ ಅನ್ನುವುದು ಕಡ್ಡಿಯಲ್ಲಿ ಕಾಣುವುದಿಲ್ಲ ಅಲ್ವಾ?

ಒಂದೇ ಹೆಸರು ಸಾಕು ಅನ್ನುವ ಮನೆಗಳೂ ಇವೆ. ಎಲ್ಲರ ಫೋನೂ ಹೊಸತು, ರೌಟರು ವೈಫೈ 6, ಸ್ಮಾರ್ಟ್ ಬಲ್ಬು ಗಿಲ್ಬು ಏನೂ ಇಲ್ಲ, ಈಗ ತೊಂದರೆಯೂ ಇಲ್ಲ. ಹಾಗಿದ್ದರೆ ಮುಟ್ಟಬೇಡಿ. ಮೆಶ್, ಅಂದರೆ ಎರಡು-ಮೂರು ಬಾಕ್ಸು ಸೇರಿ ಒಂದೇ ವೈಫೈ ಕೊಡುವ ಸೆಟ್ಟು, ಹಾಕಿದ್ದರೂ ಒಂದೇ ಹೆಸರಿರಲಿ, ಅದು ಮಾಡಿರುವುದೇ ಹಾಗೆ.

ಬೇರೆ ಮಾಡುವುದಾದರೆ ಅರ್ಧಕ್ಕೆ ಬಿಡಬೇಡಿ. ಹೆಚ್ಚಿನವರು ಎಡವುವುದು ಇಲ್ಲಿ. ಎರಡು ಹೆಸರಿಡುತ್ತಾರೆ, ಫೋನನ್ನು ಎರಡಕ್ಕೂ ಸೇರಿಸುತ್ತಾರೆ. ಆಮೇಲೆ ಲಿಫ್ಟಿನಿಂದ ಇಳಿದು ಬಾಗಿಲ ಹತ್ತಿರ ಬರುವಾಗ ಮೊದಲು ಸಿಗುವುದು 2.4. ಫೋನು ಅದಕ್ಕೆ ಅಂಟಿಕೊಳ್ಳುತ್ತದೆ, ಸೋಫಾದಲ್ಲಿ ಕೂತ ಮೇಲೂ ಬಿಡುವುದಿಲ್ಲ. ಹಾಗಾಗಿ ಫೋನು, ಲ್ಯಾಪ್‌ಟಾಪು, ಟಿವಿಗಳಲ್ಲಿ 2.4ರ ಹೆಸರನ್ನು ಒತ್ತಿ ಹಿಡಿದು 'ಫರ್ಗೆಟ್' ಕೊಡಿ. ಅವುಗಳಿಗೆ 5 ಒಂದೇ ಗೊತ್ತಿರಲಿ.

ಯಾವುದಕ್ಕೆ ಹಳೇ ಹೆಸರು, ಯಾವುದಕ್ಕೆ ಹೊಸದು?

ಹಳೇ ಹೆಸರು 2.4ಕ್ಕೇ ಇರಲಿ, ಹೊಸ ಹೆಸರು 5ಕ್ಕೆ ಕೊಡಿ. ಬಲ್ಬು, ಪ್ಲಗ್ಗು, ಕ್ಯಾಮೆರಾ, ಪ್ರಿಂಟರ್ ಎಲ್ಲ ಹಳೇ ಹೆಸರಿಗೆ ಆಗಲೇ ಸೇರಿಕೊಂಡಿವೆ. ಅವುಗಳನ್ನು ಮತ್ತೆ ಸೇರಿಸುವುದು ತಲೆನೋವಿನ ಕೆಲಸ, ಸ್ಟೂಲ್ ಹತ್ತಿ ಪ್ರತಿ ಬಲ್ಬನ್ನೂ ಆನ್-ಆಫ್ ಮಾಡುತ್ತಾ ಕೂರಬೇಕು. ಫೋನಿಗೆ ಹೊಸ ಹೆಸರು ಹಾಕುವುದು ಅರ್ಧ ನಿಮಿಷದ ಕೆಲಸ.

ಪಾಸ್‌ವರ್ಡ್ ಎರಡಕ್ಕೂ ಒಂದೇ ಇದ್ದರೆ ಪರವಾಗಿಲ್ಲ. ಹೆಸರಿನಲ್ಲಿ ಮಾತ್ರ ಫ್ಲಾಟ್ ನಂಬರು, ಮನೆತನದ ಹೆಸರು ಹಾಕಬೇಡಿ. ರಸ್ತೆಯಲ್ಲಿ ನಿಂತವರಿಗೂ ಅದು ಕಾಣುತ್ತದೆ.

ವೈಫೈ ಹೆಸರನ್ನು ಕನ್ನಡದಲ್ಲಿ ಇಡಬಹುದಾ?

ಇಡಬಹುದು, ಆದರೆ ಜಾಗ ಕಡಿಮೆ. ಹೆಸರಿಗೆ ಸಿಗುವುದು 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಅಕ್ಷರ, ಕಾಗುಣಿತದ ಪ್ರತಿ ಗುರುತು, ಒತ್ತಕ್ಷರ ಮಾಡುವ ವಿರಾಮ, ಎಲ್ಲಕ್ಕೂ ಮೂರು ಮೂರು ಬೈಟ್ ಬೇಕು. 'ಗಣೇಶ ಪ್ರಸಾದ' ಅಂತಿಟ್ಟರೆ 31 ಬೈಟ್, ಹಿಡಿಯುತ್ತದೆ. ಕೊನೆಗೆ '-5' ಸೇರಿಸಿದರೆ 33, ಹಿಡಿಯುವುದಿಲ್ಲ. ಚಿಕ್ಕ ಹೆಸರು ಇಡಿ: 'ಅಂಗಳ', 'ಜಗಲಿ'. ಫ್ಲಾಟಿನಲ್ಲಿ ಇಲ್ಲದ್ದು ವೈಫೈಯಲ್ಲಾದರೂ ಇರಲಿ.

ಇನ್ನೊಂದು ವಿಷಯ. ಕೆಲವು ರೌಟರುಗಳು ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ತೆಗೆದುಕೊಳ್ಳುವುದೇ ಇಲ್ಲ. ಕೆಲವು ಪ್ರಿಂಟರ್, ಬಲ್ಬುಗಳಿಗೆ ಕನ್ನಡ ಓದಲು ಬರುವುದಿಲ್ಲ. 5ಕ್ಕೆ ಕನ್ನಡ, 2.4ಕ್ಕೆ ಇಂಗ್ಲಿಷ್ ಹೆಸರು ಇಟ್ಟರೆ ಜಗಳವಿಲ್ಲ.

ಇದನ್ನೆಲ್ಲ ಬದಲಾಯಿಸುವುದು ಎಲ್ಲಿ?

ಮನೆಯ ವೈಫೈಗೆ ಸೇರಿರುವ ಫೋನು ಅಥವಾ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ರೌಟರಿನ ವಿಳಾಸ ಹೊಡೆಯಿರಿ. ಬಹಳಷ್ಟು ರೌಟರುಗಳಲ್ಲಿ ಅದು 192.168.1.1 ಅಥವಾ 192.168.0.1. ಜಿಯೋ ಬಾಕ್ಸುಗಳಲ್ಲಿ 192.168.29.1. ಗೊತ್ತಾಗದಿದ್ದರೆ ರೌಟರನ್ನು ಮಗುಚಿ ನೋಡಿ, ಹೊಟ್ಟೆಯ ಮೇಲಿನ ಸ್ಟಿಕ್ಕರಿನಲ್ಲಿ ಇರುತ್ತದೆ. ಯೂಸರ್ ನೇಮ್, ಪಾಸ್‌ವರ್ಡ್ ಕೂಡ ಸಾಮಾನ್ಯವಾಗಿ ಅಲ್ಲೇ. ಈಗ ಎಷ್ಟೋ ಕಂಪನಿಗಳು ಆ್ಯಪ್ ಕೊಟ್ಟಿವೆ. ಹೆಸರು ಬದಲಾಯಿಸಲು ಅದು ಸಾಕು, ಚಾನೆಲ್ ಬದಲಾಯಿಸಲು ಬ್ರೌಸರೇ ಬೇಕಾಗಬಹುದು.

ಒಳಗೆ ಹೋದ ಮೇಲೆ ವೈರ್‌ಲೆಸ್ ಅಥವಾ ಡಬ್ಲ್ಯುಲ್ಯಾನ್ ಅಂತ ಇರುವ ಕಡೆ ಮಾತ್ರ ಕೈಹಾಕಿ. ಅಲ್ಲಿ 2.4ಕ್ಕೊಂದು, 5ಕ್ಕೊಂದು ಪುಟ ಇರುತ್ತದೆ. ಒಂದೇ ಪುಟ ಇದ್ದರೆ 'ಸ್ಮಾರ್ಟ್ ಕನೆಕ್ಟ್' ಅಥವಾ 'ಬ್ಯಾಂಡ್ ಸ್ಟೀರಿಂಗ್' ಆನ್ ಆಗಿದೆ ಅಂತ ಅರ್ಥ. ಅದನ್ನು ಆಫ್ ಮಾಡಿದರೆ ಎರಡಾಗುತ್ತದೆ. ಬದಲಾಯಿಸುವ ಮೊದಲು ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಸೇವ್ ಕೊಟ್ಟ ಕೂಡಲೇ ವೈಫೈ ಕಡಿದು ಹೋಗುತ್ತದೆ. ಹೆದರಬೇಡಿ, ಹೊಸ ಹೆಸರಿಗೆ ಸೇರಿಕೊಳ್ಳಿ.

ವ್ಯಾನ್ ಅಥವಾ ಪಿಪಿಪಿಒಇ ಅನ್ನುವ ಪುಟ ಮುಟ್ಟಬೇಡಿ. ಹಿಂದಿನ ಪುಟ್ಟ ತೂತಿಗೆ ಪಿನ್ ಚುಚ್ಚಿ ರಿಸೆಟ್ ಮಾಡುವುದಂತೂ ಬೇಡವೇ ಬೇಡ. ಕನೆಕ್ಷನ್ನಿನ ಲಾಗಿನ್ ಅಳಿಸಿಹೋದರೆ ಕೇಬಲ್‌ವಾಲಾ ಬರುವ ತನಕ ಇಂಟರ್ನೆಟ್ ಇಲ್ಲ. ಅವನು 'ಶಾಮ್ ಕೋ ಆತಾ ಹೂಂ' ಅಂದರೆ ಯಾವ ದಿನದ ಸಂಜೆ ಅಂತ ನಿಮಗೇ ಗೊತ್ತು.

ನಮ್ಮ ಮನೆಯಲ್ಲಿ ಎರಡಲ್ಲ, ನಾಲ್ಕು ಹೆಸರು ಕಾಣುತ್ತದೆ!

ಕಂಪನಿಯವರ ಫೈಬರ್ ಬಾಕ್ಸೂ ವೈಫೈ ಬಿಡುತ್ತಿದೆ, ನೀವು ಕೊಂಡ ರೌಟರೂ ಬಿಡುತ್ತಿದೆ. ಎರಡೂ ಪಕ್ಕಪಕ್ಕದಲ್ಲಿ ಕೂತು ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತವೆ. ಕಂಪನಿ ಬಾಕ್ಸಿನ ಪುಟಕ್ಕೆ ಹೋಗಿ ಅದರ ಎರಡೂ ವೈಫೈ ಆಫ್ ಮಾಡಿ. ಬಾಕ್ಸಿಗೆ ಕರೆಂಟು ಇರಲಿ, ಲ್ಯಾನ್ ವೈರು ಇರಲಿ.

ಸ್ಮಾರ್ಟ್ ಪ್ಲಗ್ ಸೇರುತ್ತಲೇ ಇಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೇನೆ.

ಅಗ್ಗದ ಪ್ಲಗ್ಗು, ಬಲ್ಬು, ಕ್ಯಾಮೆರಾ, ಬಾಗಿಲ ಗಂಟೆಗಳ ಒಳಗಿನ ಚಿಪ್ಪಿಗೆ ಸಾಮಾನ್ಯವಾಗಿ 2.4 ಮಾತ್ರ ಗೊತ್ತು. 5 ಅನ್ನುವುದು ಅದಕ್ಕೆ ಕಾಣುವುದೇ ಇಲ್ಲ. ಫೋನು 5ರಲ್ಲಿದ್ದು ಆ್ಯಪ್ ಆ ಹೆಸರನ್ನೇ ಪ್ಲಗ್ಗಿಗೆ ಕೊಟ್ಟರೆ ಅದು ಹುಡುಕಿ ಹುಡುಕಿ ಸುಸ್ತಾಗುತ್ತದೆ. ಸೇರಿಸುವಷ್ಟು ಹೊತ್ತು ಫೋನನ್ನೂ 2.4ಕ್ಕೆ ತನ್ನಿ. ಮೊಬೈಲ್ ಡೇಟಾ ಆಫ್ ಮಾಡಿ. ಸೇರಿದ ಮೇಲೆ ಫೋನು ವಾಪಸ್ 5ಕ್ಕೆ ಹೋಗಲಿ, 2.4 ಫರ್ಗೆಟ್ ಮಾಡಿ. ಪ್ಲಗ್ಗು ಫೋನಿನಿಂದ ಮೊದಲಿನಂತೆಯೇ ಕೆಲಸ ಮಾಡುತ್ತದೆ.

ಆದರೂ ಆಗದಿದ್ದರೆ 2.4ರ ಪುಟದಲ್ಲಿ ಭದ್ರತೆ ಏನಿದೆ ನೋಡಿ. 2018ರಲ್ಲಿ ಬಂದ ಡಬ್ಲ್ಯುಪಿಎ3 ಒಂದೇ ಇಟ್ಟರೆ ಹಳೇ ಸಾಮಾನು ಸೇರುವುದಿಲ್ಲ. 2.4ಕ್ಕೆ ಡಬ್ಲ್ಯುಪಿಎ2, 5ಕ್ಕೆ ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಆಯ್ಕೆ ಇಡಿ. ಬ್ಯಾಂಡ್ ಬೇರೆ ಮಾಡಿದ್ದರ ಇನ್ನೊಂದು ಲಾಭ ಇದು. ಡಬ್ಲ್ಯುಇಪಿ ಅಂತ ಕಂಡರೆ ಮಾತ್ರ ಯಾವ ಕಾರಣಕ್ಕೂ ಆರಿಸಬೇಡಿ, ಅದು ಒಡೆದು ಹೋಗಿ ಎಷ್ಟೋ ವರ್ಷ ಆಯಿತು.

ಫೋನು 5ರಲ್ಲಿ, ಪ್ರಿಂಟರ್ 2.4ರಲ್ಲಿ. ಪ್ರಿಂಟ್ ಬರುತ್ತದಾ?

ಬರುತ್ತದೆ. ಹೆಸರು ಎರಡಾದರೂ ಒಳಗೆ ನೆಟ್‌ವರ್ಕ್ ಒಂದೇ. ಫೋನಿನಿಂದ ಟಿವಿಗೆ ವಿಡಿಯೋ ಹಾಕುವುದೂ ಹಾಗೇ. ಬಾರದಿದ್ದರೆ ಎರಡು ಕಾರಣ ಇರಬಹುದು. ಒಂದೋ ಅವುಗಳಲ್ಲಿ ಒಂದು ಅತಿಥಿಗಳಿಗೆ ಬೇರೆಯಾಗಿ ಕೊಡುವ ಗೆಸ್ಟ್ ವೈಫೈಯಲ್ಲಿದೆ, ಇಲ್ಲವೇ 'ಎಪಿ ಐಸೊಲೇಶನ್' ಅನ್ನುವುದು ಆನ್ ಆಗಿದೆ. ಅದು ಒಂದು ಸಾಮಾನು ಇನ್ನೊಂದಕ್ಕೆ ಕಾಣದಂತೆ ಮಾಡುತ್ತದೆ. ಮನೆಯ ವೈಫೈಯಲ್ಲಿ ಅದನ್ನು ಆಫ್ ಮಾಡಿ.

ಮ್ಯಾಕ್ ವಿಳಾಸ (ಪ್ರತಿ ಸಾಮಾನು ವೈಫೈಗೆ ತೋರಿಸುವ ಗುರುತಿನ ಸಂಖ್ಯೆ) ನೋಡಿ ಒಳಗೆ ಬಿಡುವ ಪಟ್ಟಿ ಮಾಡಿಟ್ಟವರಿಗೆ ಒಂದು ಮಾತು. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ ಫೋನು ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ಮ್ಯಾಕ್ ವಿಳಾಸ ತೋರಿಸಬಹುದು. ಹೆಸರು ಎರಡಾದರೆ ಅದೇ ಫೋನು ಪಟ್ಟಿಗೆ ಹೊಸಬನಂತೆ ಕಾಣುತ್ತದೆ. ಆ ಪಟ್ಟಿ ಬಿಟ್ಟು ಒಳ್ಳೇ ಪಾಸ್‌ವರ್ಡ್ ಇಡುವುದೇ ಮೇಲು.

2.4ಕ್ಕೆ ಯಾವ ಚಾನೆಲ್ ಇಡಲಿ? 3 ಖಾಲಿ ಇದೆ ಅಂತ ವೈಫೈ ಅಳೆಯುವ ಆ್ಯಪ್ ತೋರಿಸುತ್ತಿದೆ.

3ಕ್ಕೆ ಹೋಗಬೇಡಿ. ಅದು 1ಕ್ಕೂ ತಾಗುತ್ತದೆ, 6ಕ್ಕೂ ತಾಗುತ್ತದೆ. ಎರಡೂ ಕಡೆಯ ಗದ್ದಲ ನಿಮಗೆ, ನಿಮ್ಮದು ಅವರಿಗೆ. ಒಂದೇ ಚಾನೆಲಿನಲ್ಲಿದ್ದವರು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡು ಸರದಿ ಕಾಯುತ್ತಾರೆ. ಅರ್ಧಂಬರ್ಧ ತಾಗುವವರಿಗೆ ಸರದಿಯೂ ಗೊತ್ತಾಗುವುದಿಲ್ಲ, ಬರೀ ಗಲಾಟೆ. 1, 6, 11ರಲ್ಲಿ ಬೇರೆಯವರ ಸಿಗ್ನಲ್ ಕಡಿಮೆ ಇರುವುದನ್ನು ಆರಿಸಿ. ಎಷ್ಟು ಹೆಸರಿವೆ ಅನ್ನುವುದಕ್ಕಿಂತ ಎಷ್ಟು ಜೋರಾಗಿವೆ ನೋಡಿ. ಆ್ಯಪಿನಲ್ಲಿ ಅದು ಡಿಬಿಎಂ ಲೆಕ್ಕದಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು: ಮೈನಸ್ 85 ಡಿಬಿಎಂ ಅಂದರೆ ದೂರದವರು, ಮೈನಸ್ 50 ಅಂದರೆ ಗೋಡೆಯ ಆಚೆಯವರು. ನೋಡುವುದು ರಾತ್ರಿ ಒಂಬತ್ತರ ಹೊತ್ತಿಗೆ, ಎಲ್ಲರೂ ಮನೆಯಲ್ಲಿರುವಾಗ. ಮಧ್ಯಾಹ್ನ ನೋಡಿದರೆ ಸುಳ್ಳು ಚಿತ್ರ ಸಿಗುತ್ತದೆ.

12, 13 ಕೂಡ ಇಲ್ಲಿ ಬಳಸಬಹುದು. ಆದರೆ ಮಗ ಅಮೆರಿಕದಿಂದ ತಂದ ಲ್ಯಾಪ್‌ಟಾಪಿಗೆ ಅವು ಕಾಣದೇ ಇರಬಹುದು.

ಚಾನೆಲಿನ ಅಗಲ ಅಂತ 20, 40, 80 ಮೆಗಾಹರ್ಟ್ಸ್ ಇದೆ. ಜಾಸ್ತಿ ಇಟ್ಟರೆ ಜಾಸ್ತಿ ಸ್ಪೀಡ್ ಅಲ್ವಾ?

2.4ರಲ್ಲಿ 20 ಇಡಿ, ಅಷ್ಟೇ. 40 ಇಟ್ಟರೆ ಇರುವ ಮೂರರಲ್ಲಿ ಎರಡನ್ನು ನೀವೊಬ್ಬರೇ ತುಳಿದ ಹಾಗೆ. ನಿಮಗೂ ಅದರಿಂದ ಲಾಭವಿಲ್ಲ, ಏಕೆಂದರೆ ಅಷ್ಟಗಲ ಜಾಗ ಒಟ್ಟಿಗೆ ಖಾಲಿ ಸಿಗುವುದೇ ಅಪರೂಪ. 5ರಲ್ಲಿ 80 ಇಡಿ. 160 ಅಂತಿದ್ದರೂ ಫ್ಲಾಟಿನಲ್ಲಿ ಬೇಡ.

5ರ ಹೆಸರು ಒಮ್ಮೊಮ್ಮೆ ಮಾಯವಾಗುತ್ತದೆ. ಒಂದೆರಡು ನಿಮಿಷ ಬಿಟ್ಟು ವಾಪಸ್ ಬರುತ್ತದೆ. ರೌಟರ್ ಹಾಳಾಯಿತಾ?

ಹಾಳಾಗಿರಬೇಕಿಲ್ಲ. 5ರಲ್ಲಿ 52ರಿಂದ 64, 100ರಿಂದ 144ರ ತನಕದ ಚಾನೆಲುಗಳನ್ನು ವೈಫೈ ರಾಡಾರಿನ ಜೊತೆ ಹಂಚಿಕೊಳ್ಳುತ್ತದೆ. ಅದಕ್ಕೆ ರೌಟರುಗಳಲ್ಲಿ ಡಿಎಫ್‌ಎಸ್ ಅನ್ನುವ ಏರ್ಪಾಡಿದೆ. ಆ ಚಾನೆಲಿಗೆ ಹೋಗುವ ಮೊದಲು ರೌಟರು ಕನಿಷ್ಠ ಒಂದು ನಿಮಿಷ ಬಾಯಿಮುಚ್ಚಿ ಕೇಳಿಸಿಕೊಳ್ಳುತ್ತದೆ. ರಾಡಾರ್ ಕೇಳಿದರೆ, ಅಥವಾ ಕೇಳಿತು ಅಂತ ಅನಿಸಿದರೂ, ಜಾಗ ಬಿಟ್ಟು ಬೇರೆ ಕಡೆ ಹೋಗುತ್ತದೆ. ಆ ಹೊತ್ತಿನಲ್ಲಿ ಹೆಸರು ಮಾಯ.

ಮುಂಬೈಯಲ್ಲಿ ರಾಡಾರ್ ಎಲ್ಲಿಂದ ಬಂತು ಅನ್ನಬೇಡಿ. ಹವಾಮಾನ ಇಲಾಖೆಯ ರಾಡಾರ್ ಕೊಲಾಬಾದಲ್ಲಿ ಒಂದಿದೆ, ಅಂಧೇರಿ ಪೂರ್ವದ ವೆರಾವಲಿಯಲ್ಲಿ 2022ರಲ್ಲಿ ಶುರುವಾದ ಇನ್ನೊಂದಿದೆ. ವೆರಾವಲಿಯದ್ದು ಸಿ-ಬ್ಯಾಂಡಿನದು, ಅಂದರೆ ಈ 5 ಗಿಗಾಹರ್ಟ್ಸ್‌ನ ನೆರೆಯಲ್ಲೇ ಕೆಲಸ ಮಾಡುವಂಥದ್ದು. ಮಳೆ ಎಲ್ಲಿ ಎಷ್ಟು ಬೀಳುತ್ತದೆ ಅಂತ ಹೇಳುವುದು ಅದೇ. ಅದಕ್ಕೆ ದಾರಿ ಬಿಡುವುದು ನಮಗೇ ಒಳ್ಳೇದು.

ಪರಿಹಾರ: 5ರ ಚಾನೆಲನ್ನು 'ಆಟೋ'ದಿಂದ ತೆಗೆದು 36 ಅಥವಾ 149ಕ್ಕೆ ಕೂರಿಸಿ. ಇವೆರಡೂ ಡಿಎಫ್‌ಎಸ್‌ಗೆ ಸೇರಿದ್ದಲ್ಲ. ಕೆಲವು ಟಿವಿ ಸ್ಟಿಕ್ಕುಗಳಿಗೆ ಡಿಎಫ್‌ಎಸ್ ಚಾನೆಲ್ ಕಾಣುವುದೇ ಇಲ್ಲ. 'ಫೋನಿಗೆ 5 ಸಿಗುತ್ತದೆ, ಟಿವಿಗೆ ಸಿಗುವುದಿಲ್ಲ' ಅನ್ನುವ ದೂರಿಗೂ ಇದೇ ಮದ್ದು.

ಅಡುಗೆಮನೆಯಲ್ಲಿ ಮೈಕ್ರೋವೇವ್ ಹಾಕಿದರೆ ವಿಡಿಯೋ ಕಾಲ್ ಕಡಿಯುತ್ತದೆ. ಭ್ರಮೆಯಾ?

ಭ್ರಮೆಯಲ್ಲ. ಮೈಕ್ರೋವೇವ್ ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ. ಬಾಗಿಲಿನಿಂದ ಸೋರುವ ಚೂರು 2.4ರ ವೈಫೈಗೆ ಸಾಕಾಗುತ್ತದೆ. ಬ್ಲೂಟೂತ್ ಕೂಡ ಅದೇ ಬ್ಯಾಂಡು. ರೌಟರಿಗೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಅದರ ವೈರೂ 2.4ರಲ್ಲಿ ಗದ್ದಲ ಹಾಕುತ್ತದೆ. ವಿಡಿಯೋ ಕಾಲ್ ಮಾಡುವ ಫೋನನ್ನು 5ಕ್ಕೆ ತನ್ನಿ, ಮುಗಿಯಿತು.

ರೌಟರ್ ಎಲ್ಲಿಡಬೇಕು?

ಮನೆಯ ನಡುವೆ, ಎದೆಮಟ್ಟದಲ್ಲಿ, ಬಯಲಾಗಿ. ಫೈಬರ್ ಒಳಗೆ ಬರುವುದು ಮುಖ್ಯ ಬಾಗಿಲಿನ ಹತ್ತಿರ ಅಂತ ನಾವು ರೌಟರನ್ನೂ ಅಲ್ಲೇ ಚಪ್ಪಲಿ ಕಪಾಟಿನ ಮೇಲೆ ನೇತು ಹಾಕುತ್ತೇವೆ. ಅರ್ಧ ಸಿಗ್ನಲ್ ಮೆಟ್ಟಿಲಿಗೆ ಹೋಗುತ್ತದೆ. ಫೈಬರ್ ಬಾಕ್ಸ್ ಅಲ್ಲೇ ಇರಲಿ, ಲ್ಯಾನ್ ವೈರು ಎಳೆದು ರೌಟರನ್ನು ಒಳಗೆ ತನ್ನಿ. ಫೈಬರನ್ನು ನೀವೇ ಎಳೆದು ಮಡಚಬೇಡಿ, ಒಳಗಿನ ಗಾಜಿನ ಎಳೆ ಮುರಿಯುತ್ತದೆ.

5ಕ್ಕೆ ಅಡ್ಡ ಬರುವುದು ಮೂರು: ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ನೀರು. ನೀರು ಹೊತ್ತು ಹೊತ್ತಿಗೆ ಬರುವ ಬಿಲ್ಡಿಂಗುಗಳಲ್ಲಿ ಬಾತ್‌ರೂಮಿನ ಮೇಲಿನ ಮಾಳದಲ್ಲಿ (ಅಟ್ಟದಲ್ಲಿ) ನೀರಿನ ಟಾಕಿ ಇಟ್ಟಿರುತ್ತೀರಲ್ಲ, ಅದರ ಆಚೆಗೆ 5 ಹೋಗುವುದು ಕಷ್ಟ. ಟಿವಿಯ ಹಿಂದೆ ಅಡಗಿಸಿಡುವುದೂ ಬೇಡ. ನೋಡಲು ಚೆಂದ, ಸಿಗ್ನಲ್ಲಿಗೆ ಅಲ್ಲ.

ಟೂ ಬಿಎಚ್‌ಕೆ. ಕೊನೆಯ ಬೆಡ್‌ರೂಮಿಗೆ 5 ಬರುವುದೇ ಇಲ್ಲ.

ಮೊದಲು ರೌಟರಿನ ಜಾಗ ಬದಲಾಯಿಸಿ ನೋಡಿ. ಫೋನಿನಲ್ಲಿ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಒಳ್ಳೆಯದು ಬಂದರೆ ವಿಡಿಯೋ ಕಾಲ್ ಆರಾಮ. ಮೈನಸ್ 80 ಆದರೆ ಕಷ್ಟ.

ಆಗದಿದ್ದರೆ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ರಿಪೀಟರ್ ತರಬೇಡಿ. ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಹೇಳಬೇಕಾದ್ದರಿಂದ ಸ್ಪೀಡು ಅರ್ಧವಾಗುತ್ತದೆ, ಗದ್ದಲ ದುಪ್ಪಟ್ಟಾಗುತ್ತದೆ. ಲ್ಯಾನ್ ವೈರು ಎಳೆಯಲು ಆಗುವುದಾದರೆ ಅದೇ ಎಲ್ಲಕ್ಕಿಂತ ಒಳ್ಳೇದು. ಕ್ಯಾಟ್ 5ಇ ವೈರು 100 ಮೀಟರಿನ ತನಕ 1 ಗಿಗಾಬಿಟ್ ಒಯ್ಯುತ್ತದೆ, ನಿಮ್ಮ ಇಡೀ ಮಹಡಿ ಅಷ್ಟುದ್ದ ಇರಲಿಕ್ಕಿಲ್ಲ. ಇನ್ನೊಂದು ತುದಿಗೆ ಮನೆಯಲ್ಲಿ ಬಿದ್ದಿರುವ ಹಳೇ ಎರಡು ಬ್ಯಾಂಡಿನ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ (ಬರೀ ವೈಫೈ ಬಿಡುವ ಬಗೆಯಲ್ಲಿ) ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಸೇರಿದ ಸಾಮಾನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಅದರ ವಿಳಾಸ ಬದಲಾಯಿಸಿ, ವೈರನ್ನು ವ್ಯಾನ್ ಬದಲು ಲ್ಯಾನ್ ಪೋರ್ಟಿಗೆ ಹಾಕಿ. 5ರ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ. ಚಾನೆಲ್ ಮಾತ್ರ ಒಂದಕ್ಕೆ 36, ಇನ್ನೊಂದಕ್ಕೆ 149. ಎರಡನೆಯದರ 2.4 ಬಂದ್ ಮಾಡಿ.

ಹಳೇ ರೌಟರಿನ ಪೋರ್ಟು 100 ಎಂಬಿಪಿಎಸ್‌ನದಾಗಿದ್ದರೆ ಅದರಾಚೆ ಸ್ಪೀಡು ಏರುವುದಿಲ್ಲ. 200ರ ಪ್ಲಾನಿನಲ್ಲಿ 94ಕ್ಕೇ ಅಂಟಿಕೊಂಡಿದೆ ಅಂದರೆ ವೈಫೈಯನ್ನು ಬೈಯಬೇಡಿ, ಪೋರ್ಟು ಅಥವಾ ವೈರು ನೋಡಿ.

2.4ನ್ನು ಪೂರ್ತಿ ಬಂದ್ ಮಾಡಬಹುದಾ?

ಅದನ್ನೇ ನಂಬಿರುವ ಸಾಮಾನು ಒಂದೂ ಇಲ್ಲದಿದ್ದರೆ ಧಾರಾಳವಾಗಿ. ಅಕ್ಕಪಕ್ಕದವರಿಗೂ ಉಪಕಾರ. ಊರಿನಿಂದ ಅತ್ತೆ ಬಂದು ಅವರ ಹಳೇ ಫೋನಿಗೆ ವೈಫೈ ಬೇಕಾದರೆ ಆಗ ಆನ್ ಮಾಡಿದರಾಯಿತು.

ಊರಿನ ಮನೆಯಲ್ಲೂ ಹೀಗೇ ಮಾಡಲಾ?

ಬೇಡ. ಅಲ್ಲಿ ಲೆಕ್ಕ ತಲೆಕೆಳಗು. ಕುಂದಾಪುರ, ಪುತ್ತೂರಿನ ಕಡೆಯ ಮುರಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ 5 ಒಂದು ಕೋಣೆ ದಾಟಿದರೆ ಹೆಚ್ಚು. ನೆರೆಮನೆ ತೋಟದಾಚೆ ಇರುವುದರಿಂದ 2.4ರಲ್ಲಿ ಗದ್ದಲವೂ ಇಲ್ಲ. ಅಲ್ಲಿ ಅಂಗಳದ ತನಕ ಹೋಗುವ 2.4 ಬೇಕೇ ಬೇಕು. ಎರಡಕ್ಕೂ ಒಂದೇ ಹೆಸರಿಡಿ, ಅಪ್ಪ ಅಮ್ಮನಿಗೆ ಆರಿಸುವ ಕಷ್ಟ ಕೊಡಬೇಡಿ. ಇಲ್ಲಿಂದ ಫೋನಿನಲ್ಲಿ 'ಈಗ ಯಾವ ಹೆಸರು ಕಾಣುತ್ತಿದೆ ಅಮ್ಮ' ಅಂತ ಕೇಳುತ್ತಾ ಕೂರುವುದು ತಪ್ಪುತ್ತದೆ.

6 ಗಿಗಾಹರ್ಟ್ಸ್ ಬಂದಿದೆಯಂತೆ. ಕಾಯಲಾ?

ಕಾಯುವ ಅಗತ್ಯ ಇಲ್ಲ. ವೈಫೈ 6ಇ, ವೈಫೈ 7 ಬಳಸುವ ಮೂರನೇ ಬ್ಯಾಂಡ್ ಅದು. ನಮ್ಮಲ್ಲಿ ಅದರ ಕೆಳಗಿನ ಭಾಗವನ್ನು, ಅಂದರೆ 5925ರಿಂದ 6425 ಮೆಗಾಹರ್ಟ್ಸ್ ತನಕ, ಲೈಸೆನ್ಸಿಲ್ಲದೆ ಬಿಡುವ ಕರಡು ನಿಯಮವನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿತು. ಗೋಡೆಗೆ ಅದು 5ಕ್ಕಿಂತಲೂ ಬೇಗ ಸೋಲುತ್ತದೆ. ರೌಟರ್ ಜೊತೆ ಫೋನೂ ಹೊಸದಾಗಬೇಕು. ವಿದೇಶದಿಂದ ಯಾರಾದರೂ ತಂದುಕೊಟ್ಟ ರೌಟರಿಗಿಂತ ಇಲ್ಲಿಗೆ ಅಂತಲೇ ಮಾರುವ ಮಾದರಿ ಕೊಳ್ಳಿ, ಇಲ್ಲಿನ ಬ್ಯಾಂಡುಗಳ ಲೆಕ್ಕ ಅದರಲ್ಲಿ ಸರಿಯಾಗಿ ಕೂತಿರುತ್ತದೆ.

ಕಂಪನಿ ಬದಲಾಯಿಸುತ್ತಿದ್ದೇವೆ. ಹೊಸ ಬಾಕ್ಸ್ ಬರುತ್ತದೆ. ಎಲ್ಲಾ ಮೊದಲಿನಿಂದ ಮಾಡಬೇಕಾ?

ಹೊಸ ಬಾಕ್ಸಿನಲ್ಲಿ ಎರಡೂ ಬ್ಯಾಂಡಿಗೆ ಹಳೇ ಹೆಸರುಗಳನ್ನೇ ಕೊಡಿ, ಒಂದು ಅಕ್ಷರವೂ ವ್ಯತ್ಯಾಸ ಆಗದಂತೆ. ಪಾಸ್‌ವರ್ಡೂ ಅದೇ, ಭದ್ರತೆಯ ಬಗೆಯೂ ಅದೇ. ಆಗ ಫೋನು, ಟಿವಿ, ಮಾಳದ ಕೆಳಗಿನ ಪ್ಲಗ್ಗು ಎಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ. ಬಂದ ಹುಡುಗ ಆಗಲೇ ಏನೋ ಹೆಸರು ಹಾಕಿಟ್ಟಿದ್ದರೆ ಅವನು ಹೊರಡುವ ಮೊದಲೇ ಅಡ್ಮಿನ್ ಪಾಸ್‌ವರ್ಡ್ ಕೇಳಿಟ್ಟುಕೊಳ್ಳಿ, ಆಮೇಲೆ ಅದನ್ನೂ ಬದಲಾಯಿಸಿ. ಚಾನೆಲ್ ಮತ್ತು ಅಗಲ ಮಾತ್ರ ಮತ್ತೊಮ್ಮೆ ಕೈಯಾರೆ ಹಾಕಬೇಕು. ಹೊಸ ಬಾಕ್ಸುಗಳು ಸಾಮಾನ್ಯವಾಗಿ 'ಆಟೋ'ದಲ್ಲೇ ಬರುತ್ತವೆ.